ಎರಡು ಇಣುಕಿನಲ್ಲಿ ಉತ್ತರ

ಕಂಪ್ಯೂಟರ್ ಸೈನ್ಸ್ ಪೇಪರುಗಳನ್ನು ಯಾರೂ ಕಾದಂಬರಿ ಥರ ವಿಮರ್ಶೆ ಮಾಡುವುದಿಲ್ಲ. ಸರಿಯೋ ತಪ್ಪೋ ನೋಡುತ್ತಾರೆ, ತಮ್ಮ ಪೇಪರಿನ ಕೊನೆಯಲ್ಲಿ ಹೆಸರು ಹಾಕುತ್ತಾರೆ, ಮುಂದೆ ಹೋಗುತ್ತಾರೆ. ನನಗೆ ಮಾತ್ರ ಒಂದು ಪೇಪರಿನ ಜೊತೆ ಸ್ವಲ್ಪ ಜಗಳ ಆಡುವುದಿದೆ. ಪ್ರೀತಿಯ ಜಗಳವೇ ಅನ್ನಿ. ಮೈಕೆಲ್ ಬೆಂಡರ್ ಮತ್ತು ಮಾರ್ಟಿನ್ ಫರಾಕ್-ಕೋಲ್ಟನ್ ಬರೆದ ‘ದಿ ಎಲ್‌ಸಿಎ ಪ್ರಾಬ್ಲಂ ರೀವಿಸಿಟೆಡ್’, 2000ರಲ್ಲಿ ಉರುಗ್ವೆಯಲ್ಲಿ ನಡೆದ ಲ್ಯಾಟಿನ್ ಸಮ್ಮೇಳನದಲ್ಲಿ ಬಂದದ್ದು. ಬರೀ ಏಳು ಪುಟ. ಇಂಟರ್‌ವ್ಯೂಗೆ ಕೂತು ಓದಿದವರಿಗೆಲ್ಲ ‘ಸ್ಪಾರ್ಸ್ ಟೇಬಲ್’ ಗೊತ್ತಿರುತ್ತದೆ. ಆ ಟೇಬಲ್ಲು ಇಷ್ಟು ಜನಪ್ರಿಯ ಆಗುವುದಕ್ಕೆ ದೊಡ್ಡ ಕಾರಣ ಈ ಏಳು ಪುಟ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಮೊದಲು ಸಮಸ್ಯೆ ಏನು ಅಂತ ಹೇಳಿಬಿಡುತ್ತೇನೆ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಔಷಧಿ ಸಾಗಿಸುವ ತಂಪು ವ್ಯಾನುಗಳ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಸೆನ್ಸರ್, ನಿಮಿಷಕ್ಕೊಂದು ರೀಡಿಂಗ್. ಇನ್ಸುಲಿನ್ ಇರಲಿ, ಹೆಚ್ಚಿನ ಲಸಿಕೆಗಳಿರಲಿ, 2ರಿಂದ 8 ಡಿಗ್ರಿಯೊಳಗೆ ಇರಬೇಕು. ಗ್ರಾಹಕರು ಕೇಳುವುದು ಒಂದೇ ಪ್ರಶ್ನೆ: ಈ ಹೊತ್ತಿನಿಂದ ಆ ಹೊತ್ತಿನವರೆಗೆ ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು? ಒಂದು ತಿಂಗಳಿಗೆ ಒಂದು ಸೆನ್ಸರಿನಿಂದ 43,200 ರೀಡಿಂಗ್. ಪ್ರಶ್ನೆ ಬಂದಾಗಲೆಲ್ಲ ಮೊದಲಿಂದ ಕೊನೆಯವರೆಗೆ ಓದುತ್ತಾ ಕೂತರೆ ಡ್ಯಾಶ್‌ಬೋರ್ಡ್ ತೆವಳುತ್ತದೆ. ಬರಬಹುದಾದ ಎಲ್ಲ ಪ್ರಶ್ನೆಗೂ ಮುಂಚೆಯೇ ಉತ್ತರ ಬರೆದಿಡೋಣ ಅಂದರೆ ಶುರು-ಕೊನೆ ಜೋಡಿಗಳೇ 93 ಕೋಟಿ ಚಿಲ್ಲರೆ ಆಗುತ್ತವೆ. ಒಂದು ಸೆನ್ಸರಿಗೆ!

ಮುಂಚೆಯೇ ಲೆಕ್ಕ ಹಾಕಿ ಪಟ್ಟಿ ಮಾಡಿಡುವುದು ನಮಗೇನೂ ಹೊಸದಲ್ಲ. ಮಗ್ಗಿ ಬಾಯಿಪಾಠ ಮಾಡಿದ್ದು ಅದಕ್ಕೇ, ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ಹಿಡಿದುಕೊಂಡು ಲಾಗ್ ಹುಡುಕಿದ್ದೂ ಅದಕ್ಕೇ. ಪಂಚಾಂಗ ಇನ್ನೇನು? ಸ್ಪಾರ್ಸ್ ಟೇಬಲ್ಲಿನ ಜಾಣತನ ಇರುವುದು ಏನು ಬರೆದಿಡಬೇಕು ಅನ್ನುವುದಕ್ಕಿಂತ ಏನು ಬರೆದಿಡಬಾರದು ಅನ್ನುವುದರಲ್ಲಿ. ಪ್ರತಿ ನಿಮಿಷದಿಂದ ಶುರುವಾಗಿ 1, 2, 4, 8, 16, ಹೀಗೆ ದುಪ್ಪಟ್ಟಾಗುವ ಉದ್ದದ ತುಂಡುಗಳ ಗರಿಷ್ಠವನ್ನು ಮಾತ್ರ ಬರೆದಿಡುತ್ತೀರಿ. 8ರ ತುಂಡಿನ ಉತ್ತರ ಎರಡು 4ರ ತುಂಡುಗಳಿಂದ ಸಿಗುತ್ತದೆ, ಹಾಗಾಗಿ ಟೇಬಲ್ ಕಟ್ಟುವುದೂ ಸುಲಭ. ನಮ್ಮ 43,200ಕ್ಕೆ 16 ಸಾಲು, ಒಟ್ಟು ಸುಮಾರು 6.25 ಲಕ್ಷ ಮನೆಗಳು. 93 ಕೋಟಿ ಎಲ್ಲಿ, ಇದೆಲ್ಲಿ.

ಈಗ ಯಾರೋ 100ನೇ ನಿಮಿಷದಿಂದ 146ರವರೆಗೆ ಕೇಳಿದರು ಅನ್ನಿ. ಉದ್ದ 47. ಅದರೊಳಗೆ ಹಿಡಿಸುವ ದೊಡ್ಡ ತುಂಡು 32ರದ್ದು. 100ರಿಂದ 131ರವರೆಗೆ ಒಂದು, ಹಿಂದಿನಿಂದ ಲೆಕ್ಕ ಹಾಕಿ 115ರಿಂದ 146ರವರೆಗೆ ಇನ್ನೊಂದು. ಟೇಬಲ್ಲಿನಲ್ಲಿ ಎರಡು ಕಡೆ ಇಣುಕಿ ಯಾವುದು ದೊಡ್ಡದೋ ಅದನ್ನು ಕೊಟ್ಟರೆ ಮುಗಿಯಿತು. 115ರಿಂದ 131ರವರೆಗಿನದು ಎರಡೂ ಕಡೆ ಬಂತಲ್ಲ ಅಂತ ನಿಮಗೆ ಅನ್ನಿಸಬಹುದು. ಬರಲಿ ಬಿಡಿ. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು ಅಂತ ಇಬ್ಬರನ್ನು ನೋಡಿಕೊಂಡು ಬರಲು ಕಳಿಸಿದರೆ, ನಡುವಿನ ಹತ್ತು ಜನರನ್ನು ಇಬ್ಬರೂ ನೋಡಿದರೆ ನಷ್ಟವಿಲ್ಲ. ಎಷ್ಟು ಎಲೆ ಹಾಕಿದೆ ಅಂತ ಎಣಿಸಲು ಕಳಿಸಿದರೆ ಮಾತ್ರ ಅಡುಗೆಯವರ ಲೆಕ್ಕ ಕೆಡುತ್ತದೆ. ಗರಿಷ್ಠ, ಕನಿಷ್ಠ, ಮ.ಸಾ.ಅ. ಇವಕ್ಕೆಲ್ಲ ಈ ಟೇಬಲ್ ಹೀಗೇ ನಡೆಯುತ್ತದೆ, ಮೊತ್ತಕ್ಕೆ ನಡೆಯುವುದಿಲ್ಲ. ನನ್ನನ್ನು ಮೊದಲ ಸಲ ಓದಿದಾಗ ಹಿಡಿದು ನಿಲ್ಲಿಸಿದ್ದು ಈ ಉಡಾಫೆ. ಎರಡು ತುಂಡು ಒಂದರ ಮೇಲೊಂದು ಬೀಳದ ಹಾಗೆ ನೀಟಾಗಿ ಕತ್ತರಿಸಬೇಕು ಅಂತ ಇಂಜಿನಿಯರ್ ಮನಸ್ಸು ಒದ್ದಾಡುತ್ತಿರುವಾಗ, ಬೀಳಲಿ ಬಿಡಿ ಏನಾಗುತ್ತೆ ಅನ್ನುವ ಧೈರ್ಯ.

ಪೇಪರಿನ ಅಸಲಿ ವಿಷಯ ಇದಲ್ಲ. ಅದು ಹೊರಟಿದ್ದು ಮರದಲ್ಲಿ ಎರಡು ನೋಡ್‌ಗಳ ಅತಿ ಹತ್ತಿರದ ಸಮಾನ ಪೂರ್ವಜನನ್ನು ಹುಡುಕಲು. ನೀವೂ ನಿಮ್ಮ ದೊಡ್ಡಪ್ಪನ ಮಗನೂ ವಂಶವೃಕ್ಷದಲ್ಲಿ ಸೇರುವುದು ಅಜ್ಜನ ಹತ್ತಿರ, ಮುತ್ತಜ್ಜನ ಹತ್ತಿರ ಅಲ್ಲ, ಹಾಗೆ. 1984ರಲ್ಲೇ ಹ್ಯಾರೆಲ್ ಮತ್ತು ಟಾರ್ಜನ್ ಇದಕ್ಕೆ ಅತ್ಯಂತ ವೇಗದ ದಾರಿ ಕೊಟ್ಟಿದ್ದರು, ಆದರೆ ಅದನ್ನು ಕೋಡ್ ಮಾಡಲು ಹೋದವರು ಸುಸ್ತಾಗುತ್ತಿದ್ದರು. ಬೆಂಡರ್ ಜೋಡಿ ಬರ್ಕ್‌ಮನ್ ಮತ್ತು ವಿಷ್ಕಿನ್ ಅವರ ಹಳೆಯ ಪ್ಯಾರಲಲ್ ಅಲ್ಗಾರಿದಮ್ಮಿನಿಂದ ಪ್ಯಾರಲಲ್ ಭಾಗವನ್ನೆಲ್ಲ ಕಳಚಿ, ಒಳಗಿದ್ದ ಸರಳ ವಿಚಾರವನ್ನು ಹೊರಗಿಟ್ಟರು. ಮರವನ್ನು ಸುತ್ತಿ ಬರುತ್ತಾ ಪ್ರತಿ ಹೆಜ್ಜೆಯಲ್ಲೂ ಎಷ್ಟು ಆಳದಲ್ಲಿದ್ದೀರಿ ಅಂತ ಬರೆಯುತ್ತಾ ಹೋದರೆ ಪೂರ್ವಜನ ಪ್ರಶ್ನೆ ‘ಇಲ್ಲಿಂದ ಅಲ್ಲಿಗೆ ಅತಿ ಕಡಿಮೆ ಆಳ ಎಷ್ಟು’ ಅನ್ನುವ ಪ್ರಶ್ನೆಯಾಗಿ ಬದಲಾಗುತ್ತದೆ. ಸ್ಪಾರ್ಸ್ ಟೇಬಲ್ ಈ ಕಥೆಯ ನಡುವಿನ ಒಂದು ಮೆಟ್ಟಿಲು ಅಷ್ಟೇ.

ನನ್ನ ಮೊದಲ ತಕರಾರು ಅದರ ಮುಂದಿನ ಮೆಟ್ಟಿಲಿನ ಬಗ್ಗೆ. ಟೇಬಲ್ ಗಾತ್ರದಲ್ಲಿ ಉಳಿದ ಆ ಲಾಗ್ ಕೂಡ ಇರಬಾರದು ಅಂತ ಲೇಖಕರು ಪಟ್ಟು ಹಿಡಿಯುತ್ತಾರೆ. ಪಕ್ಕಪಕ್ಕದ ಆಳಗಳಲ್ಲಿ ವ್ಯತ್ಯಾಸ ಯಾವಾಗಲೂ ಒಂದೇ ಆದ್ದರಿಂದ ಸಣ್ಣ ತುಂಡುಗಳಲ್ಲಿ ಬರಬಹುದಾದ ನಮೂನೆಗಳು ಕಡಿಮೆ, ಅವಕ್ಕೆಲ್ಲ ಬೇರೆ ಪಟ್ಟಿ ಮಾಡಿ, ಮೇಲೊಂದು ಸ್ಪಾರ್ಸ್ ಟೇಬಲ್ ಕೂರಿಸಿ ಲಾಗನ್ನು ಒದ್ದೋಡಿಸುತ್ತಾರೆ. ನಮ್ಮ ಉಷ್ಣಾಂಶದ ಥರದ ಮಾಮೂಲಿ ಅಂಕಿಗಳಾದರೆ ಮೊದಲು ಅವುಗಳಿಂದ ಒಂದು ಕಾರ್ಟೀಸಿಯನ್ ಮರ ಕಟ್ಟಬೇಕು, ಆ ಮರದಲ್ಲಿ ಪೂರ್ವಜನನ್ನು ಕೇಳಬೇಕು, ಅದಕ್ಕಾಗಿ ಮತ್ತೆ ಆಳಗಳ ಪಟ್ಟಿಗೆ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಗಣಿತವಾಗಿ ಚಂದ, ಒಪ್ಪಿದೆ. ಆದರೆ ಸರಳವಾಗಿ ಹೇಳುತ್ತೇವೆ ಅಂತ ಹೊರಟ ಪೇಪರು ಇಲ್ಲಿ ತನ್ನ ಮಾತಿನಿಂದಲೇ ಸ್ವಲ್ಪ ಜಾರಿತು ಅಂತ ನನಗನ್ನಿಸುತ್ತದೆ. ನಾನು ಕೆಲಸ ಮಾಡಿದ ಯಾವ ಕೋಡ್‌ಬೇಸಿನಲ್ಲೂ ಈ ಕೊನೆಯ ಮೆಟ್ಟಿಲು ನೋಡಿಲ್ಲ. ಎಲ್ಲರೂ ನಡುವಿನಲ್ಲೇ ಇಳಿದುಕೊಂಡಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಪೇಪರನ್ನು ಹೊಗಳಲೇಬೇಕು. ವೇಗದ ಬಗ್ಗೆ ಮಾತಾಡುವಾಗ ಅದು ಯಾವಾಗಲೂ ಜೋಡಿಯಾಗಿ ಬರೆಯುತ್ತದೆ: ಮುಂಚಿನ ತಯಾರಿಗೆ ಇಷ್ಟು, ಒಂದೊಂದು ಪ್ರಶ್ನೆಗೆ ಇಷ್ಟು, ಎರಡೂ ಒಂದೇ ಆವರಣದೊಳಗೆ. ಗಂಡ-ಹೆಂಡತಿ ಹೆಸರು ಮದುವೆ ಕಾರ್ಡಿನಲ್ಲಿ ಹಾಕಿದ ಹಾಗೆ. ನಾವು ಮಾಡಿದ್ದೇನು? ಎರಡನೆಯದನ್ನು ಮಾತ್ರ ಇಟ್ಟುಕೊಂಡೆವು. ‘ಓ ಆಫ್ ಒನ್ ಗುರು’ ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಇಂಟರ್‌ವ್ಯೂನಲ್ಲಿ ಅಷ್ಟು ಹೇಳಿದರೆ ಎದುರಿಗಿರುವವರ ಮುಖ ಅರಳುತ್ತದೆ, ನಾನೇ ನೋಡಿದ್ದೇನೆ. ನಾನೇ ಎದುರಿಗೆ ಕೂತಾಗ ನನ್ನ ಮುಖವೂ ಅರಳಿದೆ. ತಯಾರಿಯ ಖರ್ಚು ಯಾರು ಕೊಡುತ್ತಾರೆ, ಎಷ್ಟು ಸಲ ಕೊಡಬೇಕಾಗುತ್ತದೆ ಅಂತ ಒಬ್ಬರನ್ನೂ ಕೇಳಿಲ್ಲ.

ಜೋಡಿಯಲ್ಲಿ ಇಲ್ಲದ ಮೂರನೆಯದೊಂದಿದೆ. ಮೂಲದ ಅಂಕಿಯೊಂದು ಬದಲಾದರೆ ಎಷ್ಟು? ಪೇಪರು ಬದಲಾಗದ ಮರಗಳ ಬಗ್ಗೆ, ಹಾಗಾಗಿ ಆ ಪ್ರಶ್ನೆ ಅದರದ್ದಲ್ಲ. ಪ್ರಶ್ನೆ ನನ್ನದಾಗಿತ್ತು, ಮತ್ತು ನಾನು ಕೇಳಿಕೊಳ್ಳಲಿಲ್ಲ.

ಬೆಂಗಳೂರಿನಿಂದ ರಾತ್ರಿ ಹೊರಟ ಒಂದು ವ್ಯಾನ್. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋಯಿತು, ಹೋಗುವುದು ಮಾಮೂಲಿ. ಆ ದಿನ ಮೋಡೆಮ್ ಹ್ಯಾಂಗ್ ಆಗಿ ಘಾಟಿ ಇಳಿದ ಮೇಲೂ ಎದ್ದೇಳಲಿಲ್ಲ. ರೀಡಿಂಗ್ ಬಾರದ ನಿಮಿಷಗಳಿಗೆ ನಮ್ಮ ಕೋಡು ಕೊನೆಯ ಸಲ ಬಂದ ಅಂಕಿಯನ್ನೇ ತುಂಬುತ್ತಿತ್ತು: 5.2, 5.2, 5.2. ವ್ಯಾನ್ 5 ಗಂಟೆಗೆ ಮಂಗಳೂರು ತಲುಪಿತು. 5:15ಕ್ಕೆ ದಿನದ ಟೇಬಲ್ ಕಟ್ಟಿ ಮುಗಿಯಿತು. 5:40ಕ್ಕೆ ಡ್ರೈವರ್ ಮೋಡೆಮ್ ಆಫ್ ಮಾಡಿ ಆನ್ ಮಾಡಿದ, ಅದರೊಳಗೆ ಕೂಡಿಟ್ಟಿದ್ದ ಅಸಲಿ ರೀಡಿಂಗುಗಳೆಲ್ಲ ಒಟ್ಟಿಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ ಕಂಪ್ರೆಸರ್ ನಿಂತು ಮುಕ್ಕಾಲು ಗಂಟೆ ಪೆಟ್ಟಿಗೆ 11 ಡಿಗ್ರಿಯಲ್ಲಿತ್ತು. ಮೂಲ ಪಟ್ಟಿಗೆ ಅದು ಗೊತ್ತಾಯಿತು, ಟೇಬಲ್ಲಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ 7ಕ್ಕೆ ರಿಪೋರ್ಟು ಎರಡು ಇಣುಕಿನಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ, ಗರಿಷ್ಠ 6.1 ಅಂತ ಹಸಿರು ಟಿಕ್ ಹಾಕಿ ಕೊಟ್ಟಿತು.

ಹಿಡಿದದ್ದು ಅಲ್ಲಿನ ಆಸ್ಪತ್ರೆಯೊಂದರ ಸ್ಟೋರಿನವರು. ಪೆಟ್ಟಿಗೆಯ ಮೇಲಿದ್ದ ಪುಟ್ಟ ಮೀಟರ್ ನೋಡಿ ಫೋನ್ ಮಾಡಿದರು. ‘ನಿಮ್ಮ ರಿಪೋರ್ಟಿನಲ್ಲಿ 6 ಅಂತ ಉಂಟು, ಇಲ್ಲಿ ಮೀಟರು 11 ತೋರಿಸ್ತಾ ಉಂಟು. ನಾನು ಯಾವುದನ್ನು ನಂಬುದು ಮಾರಾಯ್ರೆ?’ ಅವರು ಇನ್ಸುಲಿನ್ನನ್ನು ಬೇರೆ ಎತ್ತಿಟ್ಟಿದ್ದರು, ಯಾರಿಗೂ ಕೊಟ್ಟಿರಲಿಲ್ಲ. ಮೀಟರ್ ನೋಡುವ ಅಭ್ಯಾಸ ಇಲ್ಲದವರು ಆ ಜಾಗದಲ್ಲಿದ್ದಿದ್ದರೆ ಅಂತ ಯೋಚಿಸಿದರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಟೇಬಲ್ ಬರೆದವನು ನಾನು. ರಿವ್ಯೂನಲ್ಲಿ ‘ಸೂಪರ್ ಫಾಸ್ಟ್’ ಅಂತ ಕಾಮೆಂಟ್ ಬಂದಿತ್ತು.

ಆಮೇಲೆ ಕೂತು ಮಾಡಬೇಕಾದ ಲೆಕ್ಕ ಮಾಡಿದೆ. ಕೊನೆಗೆ ಹೊಸ ರೀಡಿಂಗ್ ಸೇರಿಸುವುದು ಕಷ್ಟವಲ್ಲ. ತುಂಡುಗಳು ಎಲ್ಲಿ ಶುರುವಾಗುತ್ತವೆ ಅನ್ನುವ ಬದಲು ಎಲ್ಲಿ ಮುಗಿಯುತ್ತವೆ ಅಂತ ಬರೆದಿಟ್ಟರೆ ಸಾಲಿಗೊಂದು ಹೊಸ ಮನೆ, ಅಷ್ಟೇ. ನಡುವಿನ ಒಂದು ನಿಮಿಷ ಬದಲಾದರೆ ಮಾತ್ರ ಅದನ್ನು ಒಳಗೊಂಡ ತುಂಡುಗಳನ್ನೆಲ್ಲ ಮತ್ತೆ ನೋಡಬೇಕು. 2ರ ಸಾಲಿನಲ್ಲಿ ಎರಡು, 4ರ ಸಾಲಿನಲ್ಲಿ ನಾಲ್ಕು, ಹೀಗೆ ಏರುತ್ತಾ ಹತ್ತಾರು ಸಾವಿರ ಮನೆಗಳು. ಅದೇ ಸೆಗ್ಮೆಂಟ್ ಟ್ರೀ ಇಟ್ಟಿದ್ದರೆ 86,400 ಮನೆಗಳಲ್ಲಿ ಎಲ್ಲ ಮುಗಿಯುತ್ತಿತ್ತು, ಒಂದು ರೀಡಿಂಗ್ ತಿದ್ದಿದರೆ ಹದಿನಾರು ಹದಿನೇಳು ಮನೆ ತಿದ್ದಿದರೆ ಸಾಕಿತ್ತು. ಪ್ರಶ್ನೆಗೆ ಎರಡು ಇಣುಕಿನ ಬದಲು ಮೂವತ್ತು ಇಣುಕು ಬೇಕಾಗುತ್ತಿತ್ತು. ನೆಟ್‌ವರ್ಕಿನಲ್ಲಿ ಉತ್ತರ ಫೋನಿಗೆ ಹೋಗಿ ಮುಟ್ಟುವ ಸಮಯದ ಮುಂದೆ ಆ ಇಪ್ಪತ್ತೆಂಟು ಇಣುಕು ಯಾವ ಲೆಕ್ಕ? ನಾನು ಉಳಿಸಿದ್ದು ಯಾರೂ ಕೇಳದಿದ್ದ ಸಮಯ.

ಕೊನೆಗೆ ಸ್ಪಾರ್ಸ್ ಟೇಬಲ್ ತೆಗೆದುಹಾಕಲಿಲ್ಲ. ಪ್ರತಿ ರೀಡಿಂಗಿಗೂ ಸೆನ್ಸರ್ ಕ್ರಮಸಂಖ್ಯೆ ಹಾಕಿ ಕಳಿಸುತ್ತದೆ. ಒಂದೂ ಸಂಖ್ಯೆ ತಪ್ಪದೆ ಪೂರ್ತಿ ಬಂದ ಟ್ರಿಪ್ಪುಗಳಿಗೆ ಮಾತ್ರ ಟೇಬಲ್, ಮಿಕ್ಕಿದ್ದಕ್ಕೆಲ್ಲ ಸೆಗ್ಮೆಂಟ್ ಟ್ರೀ. ಮುಗಿದುಹೋದ ಟ್ರಿಪ್ಪಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಹಳೆಯ ಅಂಕಿ ತುಂಬುವ ಚಾಳಿಯನ್ನೂ ಬಿಟ್ಟೆವು. ರೀಡಿಂಗ್ ಇಲ್ಲದ ನಿಮಿಷಕ್ಕೆ ಈಗ 999 ಹಾಕುತ್ತೇವೆ. ಗರಿಷ್ಠ ತಾನೇ ಹುಡುಕುವುದು, ಹಾಗಾಗಿ ಕೇಳಿದ ಅವಧಿಯಲ್ಲಿ ಒಂದೇ ಒಂದು ನಿಮಿಷ ಖಾಲಿ ಇದ್ದರೂ ಆ 999 ಮೇಲೆ ತೇಲಿಬರುತ್ತದೆ. ಅದು ಬಂದಾಗ ಪರದೆಯ ಮೇಲೆ ಹಸಿರು ಟಿಕ್ ಬದಲು ‘ಗೊತ್ತಿಲ್ಲ’ ಅಂತ ಬರುವ ಹಾಗೆ ಮಾಡಿದೆ.

ಸೇಲ್ಸಿನವರಿಗೆ ಇದು ಹಿಡಿಸಲಿಲ್ಲ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಂಡವರಿಗೆ ‘ಗೊತ್ತಿಲ್ಲ’ ಅಂತ ತೋರಿಸ್ತೀರಾ, ‘ಪ್ರಾಸೆಸಿಂಗ್’ ಅಂತ ಬದಲಾಯಿಸಿ ಅಂತ ಒಂದು ಟಿಕೆಟ್ ಹಾಕಿದರು. ನಾನು ಆ ಕೆಲಸ ಬಿಡುವ ದಿನವೂ ಅದು ನನ್ನ ಹೆಸರಿನಲ್ಲಿ ಓಪನ್ ಆಗಿಯೇ ಇತ್ತು.