ಸಣ್ಣ ಪಯಣಗಳ ಸಾಹಿತ್ಯ

ದೂರದೇಶಗಳನ್ನು ಸುತ್ತಿ ಬಂದವನು ಬರೆಯುವ ಗ್ರಂಥಕ್ಕೆ ಅರ್ಧ ಬೆಲೆಯನ್ನು ಆ ದೇಶವೇ ತಂದುಕೊಡುತ್ತದೆ. ಹಿಮದ ಶಿಖರ, ಮರಳುಗಾಡು, ಕಂಡರಿಯದ ಜನ, ಕೇಳರಿಯದ ಭಾಷೆ, ಇವುಗಳ ಹೆಸರೆತ್ತಿದ ಮಾತ್ರಕ್ಕೆ ವಾಚಕನ ಕುತೂಹಲವು ಕೆರಳುವುದು. ಬರೆವಣಿಗೆಯು ಸಾಧಾರಣವಾಗಿದ್ದರೂ ಸಾಗಿಹೋಗುವುದು. ಶನಿವಾರ ಮಧ್ಯಾಹ್ನ ಮನೆಯನ್ನು ಬಿಟ್ಟು ಭಾನುವಾರ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವವನಿಗಾದರೋ ಈ ಬಂಡವಾಳವಿಲ್ಲ. ಅವನು ಹತ್ತಿದ ಬೆಟ್ಟವನ್ನು ದನ ಕಾಯುವ ಹುಡುಗರು ದಿನವೂ ಹತ್ತುವರು. ಅವನು ಬೈಸಿಕಲ್ಲಿನಲ್ಲಿ ಹೋದ ಹಾದಿಯಲ್ಲಿ ಸಂತೆಗೆ ಹೋಗುವವರು ವಾರಕ್ಕೊಮ್ಮೆ ಹೋಗುವರು. ಅವನು ಉಂಡ ಹೋಟಲಿನಲ್ಲಿ ಅಂದೇ ನೂರು ಮಂದಿ ಉಂಡಿರುವರು. ಇಂತಹ ಪಯಣವನ್ನು ಸಾಹಿತ್ಯವಾಗಿಸುವುದು ಯಾವುದು? ಇಂಗ್ಲಿಷಿನ ಮೂವರು ಲೇಖಕರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಿ, ತರುವಾಯ ಕನ್ನಡದ ಕಡೆಗೆ ತಿರುಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲನೆಯವನು ವಿಲಿಯಂ ಹ್ಯಾಜ್ಲಿಟ್. ಪಯಣ ಹೊರಡುವುದನ್ನು ಕುರಿತ ಅವನ ಪ್ರಸಿದ್ಧ ಪ್ರಬಂಧವು 1822ರಲ್ಲಿ ಪ್ರಕಟವಾಯಿತು. ನಡೆದುಹೋಗುವಾಗ ಜೊತೆಗಾರನು ಬೇಡವೆಂಬುದು ಅವನ ಮತ. ಆದರೆ ಆ ಪ್ರಬಂಧದ ಜೀವವಿರುವುದು ಬಯಲಿನಲ್ಲಿ ಮಾತ್ರವಲ್ಲ. ಸಂಜೆ ಸೇರುವ ದಾರಿಯ ವಸತಿಗೃಹದಲ್ಲಿಯೂ ಇರುವುದು. ದಣಿದು ಬಂದವನು ರಾತ್ರಿಗೆ ಏನು ಉಣ್ಣಲೆಂದು ಯೋಚಿಸುವ ಸುಖವನ್ನು ಅವನು ಮನಸ್ಸಿಟ್ಟು ವಿಸ್ತರಿಸುತ್ತಾನೆ. 1798ನೆಯ ಏಪ್ರಿಲ್ 10ರಂದು, ಅಂದರೆ ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನ, ವೇಲ್ಸಿನ ಲಾಂಗೋಲೆನ್ ಎಂಬ ಊರಿನ ವಸತಿಗೃಹದಲ್ಲಿ ಆರಿದ ಕೋಳಿಯ ಮಾಂಸವನ್ನೂ ಶೆರಿ ಎಂಬ ಮದ್ಯವನ್ನೂ ಮುಂದಿಟ್ಟುಕೊಂಡು ರೂಸೋವಿನ ಕಾದಂಬರಿಯನ್ನು ಓದಲು ಕುಳಿತುದನ್ನು ಅವನು ಮರೆತಿಲ್ಲ. ಇದಕ್ಕಿಂತಲೂ ಆಳವಾದ ಮಾತೊಂದು ಅಲ್ಲಿದೆ. ಊರಿನಲ್ಲಿ ನಮಗೆ ಅಂಟಿಕೊಂಡಿರುವ ಹೆಸರು, ಪದವಿ, ಹಳೆಯ ಜಗಳಗಳು ಇವೆಲ್ಲ ಅಪರಿಚಿತವಾದ ವಸತಿಗೃಹದಲ್ಲಿ ಕಳಚಿಬೀಳುತ್ತವೆ. ಅಲ್ಲಿ ನಾವು ಊಟದ ಹಣವನ್ನು ತೆರಬೇಕಾದ ಒಬ್ಬ ಮನುಷ್ಯರು, ಅಷ್ಟೆ. ಈ ಬಿಡುಗಡೆಯನ್ನೇ ಹ್ಯಾಜ್ಲಿಟ್ಟನು ಪಯಣದ ಸಾರವೆಂದು ಬಗೆದನು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ನಮ್ಮ ನಾಡಿನ ವಿಷಯಕ್ಕೆ ಬಂದಾಗ ಇದು ಬೇಕಾಗುವುದು.

ಎರಡನೆಯವನು ರಾಬರ್ಟ್ ಲೂಯಿ ಸ್ಟೀವನ್‌ಸನ್. ಹ್ಯಾಜ್ಲಿಟ್ಟನನ್ನು ಬಹಳವಾಗಿ ಮೆಚ್ಚಿದ ಇವನು 1878ರ ಶರತ್ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಹನ್ನೆರಡು ದಿನ ನಡೆದು, ಮರುವರ್ಷ ಆ ನಡಿಗೆಯನ್ನು ಪುಸ್ತಕ ಮಾಡಿದನು. ಸಾಮಾನು ಹೊರಲು ಮೊಡೆಸ್ಟೀನ್ ಎಂಬ ಹೆಣ್ಣುಕತ್ತೆಯೊಂದನ್ನು ಅರುವತ್ತೈದು ಫ್ರಾಂಕಿಗೂ ಒಂದು ಲೋಟ ಬ್ರಾಂದಿಗೂ ಕೊಂಡನು. ತಾನು ಮಲಗುವ ಚೀಲಕ್ಕೆ ಎಂಬತ್ತು ಫ್ರಾಂಕು ಬಿದ್ದಿದ್ದರಿಂದ ಕತ್ತೆಯೇ ಅಗ್ಗವಾಯಿತೆಂದು ಅವನೇ ಹೇಳಿಕೊಳ್ಳುತ್ತಾನೆ. ಕತ್ತೆಯು ನಡೆಯದು, ಕೋಲಿನಿಂದ ಹೊಡೆಯಬೇಕು, ಹೊಡೆಯಲು ಮನಸ್ಸು ಬಾರದು, ಕಡೆಗೆ ವಸತಿಗೃಹದವನೊಬ್ಬನು ಮುಳ್ಳುಗೋಲೊಂದನ್ನು ಮಾಡಿಕೊಟ್ಟ ಬಳಿಕ ಪಯಣವು ಸರಾಗವಾಯಿತು. ತನ್ನ ಸುಖಕ್ಕಾಗಿ ಮೂಕಪ್ರಾಣಿಯ ಮೈಯಿಂದ ರಕ್ತ ಬರಿಸಿದುದನ್ನು ಲೇಖಕನು ಮುಚ್ಚಿಟ್ಟಿಲ್ಲ. ಅದನ್ನು ನೀತಿಬೋಧೆಯಿಂದ ತೊಳೆದುಕೊಳ್ಳಲೂ ಹೋಗಿಲ್ಲ. ಕೊನೆಗೆ ಅದನ್ನು ಮೂವತ್ತೈದು ಫ್ರಾಂಕಿಗೆ ಮಾರಿ ಮುಂದಿನ ಗಾಡಿಯನ್ನು ಹತ್ತಿದ ಮೇಲೆ ದುಃಖವು ಉಕ್ಕಿಬರುವುದು. ಮತ್ತೊಂದು ರಾತ್ರಿ ಪೈನ್ ಮರಗಳ ನಡುವೆ ಬಯಲಿನಲ್ಲಿ ಸುಖವಾಗಿ ಮಲಗಿದ್ದವನು, ಬೆಳಗ್ಗೆ ಹೊರಡುವಾಗ ಆ ತಂಗುದಾಣದ ಬಾಡಿಗೆಯೆಂದು ಹುಲ್ಲಿನ ಮೇಲೆ ಕೆಲವು ನಾಣ್ಯಗಳನ್ನು ಇಟ್ಟುಹೋಗುತ್ತಾನೆ. ಆ ದೇಶದಲ್ಲಿ 1702ರಲ್ಲಿ ಪ್ರೊಟೆಸ್ಟಂಟ್ ರೈತರು ಎದ್ದ ದಂಗೆಯ ಚರಿತ್ರೆಯೂ ಗ್ರಂಥದಲ್ಲಿ ಸೇರಿದೆ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವುದು ಚರಿತ್ರೆಯಲ್ಲ. ಕತ್ತೆ ಮತ್ತು ಆ ನಾಣ್ಯಗಳು.

ಮೂರನೆಯವನು ಜೆರೋಮ್ ಕೆ. ಜೆರೋಮ್. ‘ಥ್ರೀ ಮೆನ್ ಇನ್ ಎ ಬೋಟ್’ ಎಂಬ ಅವನ ಗ್ರಂಥವು 1889ರಲ್ಲಿ ಹೊರಬಂದಿತು. ಹ್ಯಾಜ್ಲಿಟ್ಟನ ಕಾಲಕ್ಕೂ ಇವನ ಕಾಲಕ್ಕೂ ನಡುವೆ ಒಂದು ದೊಡ್ಡ ಬದಲಾವಣೆಯಾಗಿತ್ತು. ರೈಲುಗಳು ಬಂದಿದ್ದವು, ಶನಿವಾರದ ಅರ್ಧ ರಜವು ಗುಮಾಸ್ತರಿಗೂ ದೊರೆತಿತ್ತು. ಎರಡು ಚಕ್ರಗಳೂ ಸಮನಾಗಿರುವ ಬೈಸಿಕಲ್ಲು 1885ರಲ್ಲಿ ಪೇಟೆಗೆ ಬಂದಿತು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಚಕ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಸಣ್ಣ ಪಯಣವು ವಿರಾಮವುಳ್ಳ ಕೆಲವರ ಸೊತ್ತಾಗಿರದೆ ದುಡಿದು ತಿನ್ನುವವರ ಹಕ್ಕಾಗುತ್ತ ಬಂದ ಕಾಲವದು. ಜೆರೋಮನ ಮೂವರಲ್ಲಿ ಜಾರ್ಜನು ಬ್ಯಾಂಕಿನ ನೌಕರ. ಅವನು ಅಲ್ಲಿ ಹತ್ತರಿಂದ ನಾಲ್ಕರವರೆಗೆ ನಿದ್ರೆಮಾಡುವನೆಂದೂ, ಶನಿವಾರ ಮಾತ್ರ ಎರಡು ಗಂಟೆಗೇ ಎಬ್ಬಿಸಿ ಹೊರಗೆ ಬಿಡುವರೆಂದೂ ಲೇಖಕನು ಹಾಸ್ಯಮಾಡುತ್ತಾನೆ.

ಥೇಮ್ಸ್ ನದಿಯಲ್ಲಿ ದೋಣಿ ನಡೆಸುವ ಈ ಮೂವರಿಗೆ ಒದಗಿದ ಮಹಾವಿಪತ್ತು ಯಾವುದು? ಅನಾನಸಿನ ಡಬ್ಬಿಯನ್ನು ತಂದವರು ಅದನ್ನು ತೆರೆಯುವ ಸಲಕರಣೆಯನ್ನು ಮರೆತುಬಂದರು. ಚಾಕು, ಕತ್ತರಿ, ಕಲ್ಲು, ದೋಣಿಯ ಕಂಬ, ಎಲ್ಲವೂ ಸೋತುವು. ಡಬ್ಬಿಯು ನಾನಾ ಆಕಾರಗಳನ್ನು ತಾಳಿತು, ಬಾಯಿ ಮಾತ್ರ ಬಿಡಲಿಲ್ಲ. ಕಡೆಗೆ ಅದು ನದಿಯ ಪಾಲಾಯಿತು. ಒಂದು ನೂರ ಮೂವತ್ತು ವರ್ಷಗಳಿಗೂ ಮೀರಿ ಜನರು ಈ ಪುಟವನ್ನು ಓದಿ ನಗುತ್ತಿರುವರು. ಅದೇ ಗ್ರಂಥದಲ್ಲಿ ರಾತ್ರಿಯ ನಿಶ್ಶಬ್ದ, ನದಿಯ ಗಾಂಭೀರ್ಯ, ಪ್ರಕೃತಿಮಾತೆಯ ಸಾಂತ್ವನ ಮುಂತಾದುವುಗಳನ್ನು ಕುರಿತು ಸ್ವರವನ್ನೇರಿಸಿ ಬರೆದ ಭಾಗಗಳೂ ಉಂಟು. ಅವು ಅಂದಿನ ರುಚಿಗೆ ಒಪ್ಪಿದ್ದಿರಬಹುದು; ಇಂದಿನ ವಾಚಕನು ಅವುಗಳನ್ನು ದಾಟಿಕೊಂಡು ಹೋಗುವನು. ಲೇಖಕನು ಒಬ್ಬನೇ, ನದಿಯೂ ಒಂದೇ. ಒಂದು ಪುಟ ಬದುಕಿ ಇನ್ನೊಂದು ಒಣಗಿದುದೇಕೆ? ಡಬ್ಬಿಯ ಪುಟದಲ್ಲಿ ಅವನು ಕಂಡುದನ್ನು ಹೇಳುತ್ತಾನೆ. ಮತ್ತೊಂದರಲ್ಲಿ ಕವಿಗೆ ಏನು ಕಾಣಬೇಕೋ ಅದನ್ನು ಹೇಳುತ್ತಾನೆ. ಗ್ರಂಥದ ಮುಕ್ತಾಯವೂ ಇಂತಹುದೇ. ಏನೇ ಬರಲಿ ಪಯಣವನ್ನು ಮುಗಿಸಿಯೇ ತೀರುವೆವೆಂದು ಹೊರಟ ವೀರರು, ಬಿಡದೆ ಸುರಿದ ಮಳೆಗೆ ಸೋತು, ಪ್ಯಾಂಗ್‌ಬರ್ನಿನಲ್ಲಿ ದೋಣಿಯನ್ನು ಬಿಟ್ಟು, ಯಾರಿಗೂ ಹೇಳದೆ ರೈಲು ಹತ್ತಿ, ಲಂಡನ್ನಿನ ಹೋಟಲೊಂದರಲ್ಲಿ ತೃಪ್ತಿಯಾಗಿ ಉಂಡರು. ಸೋಲಿನಲ್ಲಿ ಕೊನೆಗೊಂಡ ಪ್ರವಾಸಗ್ರಂಥಗಳಲ್ಲಿ ಇಷ್ಟು ಹಿತವಾದುದು ವಿರಳ.

ಅದೇ ಮೂವರು 1900ರಲ್ಲಿ ಪ್ರಕಟವಾದ ‘ಥ್ರೀ ಮೆನ್ ಆನ್ ದಿ ಬಮ್ಮೆಲ್’ನಲ್ಲಿ ಜರ್ಮನಿಗೆ ಬೈಸಿಕಲ್ ಪ್ರವಾಸ ಹೋಗುತ್ತಾರೆ. ಇದು ಮೊದಲಿನದಕ್ಕೆ ಸಮನಲ್ಲ. ನದಿಯೆಂಬ ಸೂತ್ರವು ತಪ್ಪಿದುದರಿಂದ ಕಥೆಯು ಚದರಿತೆಂದು ಹೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಕಾರಣವು ಬೇರೆ. ಮೊದಲನೆಯ ಗ್ರಂಥದಲ್ಲಿ ನಗೆಗೆ ಗುರಿಯಾದವರು ಆ ಮೂವರೇ. ಎರಡನೆಯದರಲ್ಲಿ ಪುಟ ಪುಟಕ್ಕೂ ಜರ್ಮನರ ಶಿಸ್ತು, ಅವರ ಪೊಲೀಸು, ಬೆಟ್ಟ ಹತ್ತಿದರೂ ತುದಿಯಲ್ಲೊಂದು ಊಟದ ಮನೆ ಬೇಕೆನ್ನುವ ಅವರ ಸ್ವಭಾವ. ಒಂದು ಜನಾಂಗವನ್ನು ನಗುವುದು ಸುಲಭ. ಆ ನಗೆಯು ಬೇಗನೆ ಹಳಸುವುದು. ಲೇಖಕನು ಮತ್ತೆ ತನ್ನ ಮೇಲೆಯೇ ನಕ್ಕಾಗ ಹಳೆಯ ಕಳೆ ಬರುತ್ತದೆ. ಸ್ನೇಹಿತನೊಬ್ಬನು ಬೈಸಿಕಲ್ಲನ್ನು ಸರಿಮಾಡುವೆನೆಂದು ಬಿಚ್ಚಿದಾಗ ಉಕ್ಕಿನ ಗುಂಡುಗಳು ದಾರಿಯ ತುಂಬ ಉರುಳುವ ಪ್ರಕರಣವು ಅಂತಹುದು. ಅದಕ್ಕಿಂತಲೂ ಸೂಕ್ಷ್ಮವಾದುದು ಆರಂಭದ ಪ್ರಕರಣ. ಮನೆಯಿಂದ ಕೆಲವು ದಿನ ದೂರವಿರಬೇಕೆನಿಸುತ್ತಿದೆಯೆಂದು ಹೆಂಡತಿಗೆ ಹೇಗೆ ತಿಳಿಸುವುದೆಂದು ಗಂಡನು ಅಂಜುತ್ತಿದ್ದರೆ, ಆಕೆ ತನಗೂ ಹಾಗೆಯೇ ಅನ್ನಿಸುತ್ತಿದೆಯೆಂದು ಒಪ್ಪಿಬಿಡುತ್ತಾಳೆ. ಅಷ್ಟು ಸುಲಭವಾಗಿ ಅನುಮತಿ ದೊರೆತುದೇ ಗಂಡನಿಗೆ ನೋವಾಗುವುದು.

ಈ ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವವು ಹೊರಡುವುದು. ಸಣ್ಣ ಪಯಣದ ಸಾಹಿತ್ಯಕ್ಕೆ ಸತ್ಯವೊಂದೇ ಅಲಂಕಾರ. ಖರ್ಚಾದ ಹಣ, ತಿಂದ ಅನ್ನ, ಬಿದ್ದ ಪೆಟ್ಟು, ಪಟ್ಟ ಅವಮಾನ ಇವುಗಳನ್ನು ಹೇಳಲು ನಾಚುವವನು ಇದನ್ನು ಬರೆಯಲಾರನು.

ಇನ್ನು ಕನ್ನಡದ ಮಾತು. ಪ್ರವಾಸಸಾಹಿತ್ಯದಲ್ಲಿ ನಾವು ಬಡವರಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯು ಹಂಪೆಯನ್ನು ಕುರಿತು ಬರೆದ ಒಳ್ಳೆಯ ಗದ್ಯ, ಕುವೆಂಪುರವರ ‘ಮಲೆನಾಡಿನ ಚಿತ್ರಗಳು’ 1933ರಷ್ಟು ಹಿಂದೆಯೇ ಮನೆಯ ಸುತ್ತಲಿನ ಕಾಡನ್ನು ಸಾಹಿತ್ಯಕ್ಕೆ ತಂದಿತು, ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಎರಡು ದಿನದ ಪಯಣವನ್ನು ಕುರಿತು ನಾವು ಸಾಮಾನ್ಯವಾಗಿ ಓದುವ ಲೇಖನಗಳ ರೀತಿಯೇ ಬೇರೆ. ಜಲಪಾತದ ಎತ್ತರವೆಷ್ಟು, ದೇವಾಲಯವನ್ನು ಕಟ್ಟಿಸಿದವರಾರು, ಬಸ್ಸು ಎಷ್ಟು ಗಂಟೆಗೆ, ಇಷ್ಟನ್ನು ಹೇಳಿ, ಆ ಸೌಂದರ್ಯವು ವರ್ಣನಾತೀತವೆಂದು ಮುಗಿಸುವುದು ವಾಡಿಕೆ. ವರ್ಣಿಸಲೆಂದೇ ಲೇಖನಿಯನ್ನು ಹಿಡಿದವನು ವರ್ಣನಾತೀತವೆಂದರೆ, ಅಡಿಗೆಯವನು ಎಲೆಯ ಮುಂದೆ ನಿಂತು ರುಚಿಯನ್ನು ಊಹಿಸಿಕೊಳ್ಳಿರೆಂದಂತಾಯಿತು.

ಇದರಿಂದಾಗುವ ನಷ್ಟವು ರಂಜನೆಯ ನಷ್ಟವಷ್ಟೇ ಅಲ್ಲ. ಹ್ಯಾಜ್ಲಿಟ್ಟನು ವಸತಿಗೃಹದಲ್ಲಿ ಕಂಡ ಬಿಡುಗಡೆಯನ್ನು ಇಲ್ಲಿ ನೆನೆಯಬೇಕು. ನಮ್ಮ ನಾಡಿನಲ್ಲಿ ದಾರಿಹೋಕನಿಗೆ ಆ ಬಿಡುಗಡೆಯು ಸುಲಭವಾಗಿರಲಿಲ್ಲ. ನೀರು ಕೇಳಿದವನಿಗೆ ಮೊದಲು ಜಾತಿಯ ಪ್ರಶ್ನೆ, ಆಮೇಲೆ ನೀರು. ಕಾಫಿ ಹೋಟಲುಗಳು ಬಂದ ಮೊದಲ ದಶಕಗಳಲ್ಲಿ ಬಾಗಿಲ ಮೇಲೆ ಬ್ರಾಹ್ಮಣರದೆಂಬ ಹಲಗೆ, ಒಳಗೆ ಬೇರೆ ಪಂಕ್ತಿ, ಕೆಲವರಿಗೆ ಹೊರಗೆ ನಿಂತೇ ಕುಡಿಯುವ ಲೋಟ, ಇವೆಲ್ಲ ಇದ್ದುವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟಲುಗಳಿಗೆ ಪ್ರವೇಶಿಸಲು ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಬಾರದೆಂದು ವಿಧಿಸಿತು. ಹಣ ಕೊಟ್ಟವನು ಹೆಸರು ಹೇಳದೆ ಕುಳಿತು ಒಂದು ದೋಸೆಯನ್ನು ತಿಂದೇಳುವುದು ನಮ್ಮಲ್ಲಿ ಅಲ್ಪ ಸಂಗತಿಯಲ್ಲ, ಅದೊಂದು ಚರಿತ್ರೆ. ಆ ಚರಿತ್ರೆಯ ಕಾನೂನಿನ ಭಾಗವು ಕಡತಗಳಲ್ಲಿದೆ. ಮೊದಲ ಬಾರಿಗೆ ಒಳಗೆ ಕಾಲಿಟ್ಟವನ ಎದೆಯು ಹೇಗೆ ಹೊಡೆದುಕೊಂಡಿತು, ಮಾಣಿಯು ಹೇಗೆ ನೋಡಿದನು, ಪಕ್ಕದ ಮೇಜಿನವನು ಎದ್ದುಹೋದನೋ ಕುಳಿತನೋ ಎಂಬುದು ಯಾವ ಕಡತದಲ್ಲಿಯೂ ಇರಲಾರದು. ಹಾಗೆಯೇ ಭಾನುವಾರದ ಪಯಣಕ್ಕಾಗಿ ಬೆಳಗಿನ ಜಾವದಲ್ಲಿ ಬುತ್ತಿ ಕಟ್ಟಿದವಳು ಯಾರು, ಅವಳು ಜೊತೆಯಲ್ಲಿ ಹೋದಳೇ, ಹುಡುಗಿಯೊಬ್ಬಳು ಮೊದಲು ಬೈಸಿಕಲ್ಲನ್ನು ಹತ್ತಿ ಬೀದಿಗಿಳಿದಾಗ ಯಾರು ಏನೆಂದರು, ಇವುಗಳನ್ನೂ ಸಣ್ಣ ಪಯಣದ ಲೇಖಕನಲ್ಲದೆ ಇನ್ನಾರು ಬರೆದಿಡುವರು?

ಇದು ಸೋಮಾರಿಗಳ ಸಾಹಿತ್ಯ, ಇದಕ್ಕೇಕೆ ಇಷ್ಟು ಗೌರವವೆಂದು ಆಕ್ಷೇಪಿಸುವವರು ಇರಬಹುದು. ವಾರವೆಲ್ಲ ದುಡಿದವನು ಒಂದೂವರೆ ದಿನವನ್ನು ಹೇಗೆ ಕಳೆದನೆಂಬುದರಲ್ಲಿ ಅವನ ಕಾಲದ ರೀತಿನೀತಿಗಳೆಲ್ಲ ಅಡಗಿರುತ್ತವೆಂಬುದೇ ಅದಕ್ಕೆ ಉತ್ತರ. ದೊಡ್ಡ ಯಾತ್ರೆಗಳನ್ನು ಕೈಗೊಳ್ಳಬಲ್ಲವರು ಕೆಲವರೇ, ಅವರು ಬರೆಯಲಿ. ನಮ್ಮ ಜಿಲ್ಲೆಯ ಬೆಟ್ಟ, ಕೆರೆ, ಕಾಫಿ ಹೋಟಲುಗಳನ್ನು ಬರೆಯಬೇಕಾದವರು ಇಲ್ಲಿಯ ವಾಚಕರೇ. ಬರೆಯುವಾಗ ‘ವರ್ಣನಾತೀತ’ವೆಂಬ ಪದವೊಂದನ್ನು ಮನೆಯಲ್ಲಿಯೇ ಬಿಟ್ಟು ಹೊರಟರೆ, ಅರ್ಧ ಹಾದಿ ಸಾಗಿದಂತೆಯೇ ಸರಿ.