ಹಳ್ಳಿಗೆ ಹೋದ ವಿದ್ಯಾರ್ಥಿಯ ವರದಿ : ಒಂದು ವಿಮರ್ಶೆ

ಕೃಷಿ ಪದವಿಯ ವಿದ್ಯಾರ್ಥಿಗಳು ತಮ್ಮ ನಾಲ್ಕನೆಯ ವರ್ಷದಲ್ಲಿ ಹಳ್ಳಿಯೊಂದರಲ್ಲಿ ಕೆಲಕಾಲ ನೆಲೆಸಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ ಅಲ್ಲಿಯ ಬೇಸಾಯವನ್ನು ಪರಿಶೀಲಿಸಿ ವರದಿ ಬರೆಯಬೇಕೆಂಬ ನಿಯಮವು ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲದಿಂದ ಬೇರೂರಿದೆ. 2015ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಲ್ಲಿ ಈ ಕ್ರಮವು ರಾಷ್ಟ್ರವ್ಯಾಪಿಯಾಯಿತು. ಅನಂತರ ಐದನೆಯ ಡೀನರ ಸಮಿತಿಯು ಗ್ರಾಮೀಣ ಅನುಭವಕ್ಕೆಂದು 20 ವಾರಗಳನ್ನು ಗೊತ್ತುಮಾಡಿ ಹಂಚಿಕೊಟ್ಟಿತು : ಪೂರ್ವಸಿದ್ಧತೆಗೆ 1 ವಾರ, ಹಳ್ಳಿಯ ವಾಸಕ್ಕೆ 8, ಸಂಶೋಧನ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ 5, ಸಸ್ಯ ಚಿಕಿತ್ಸಾಲಯದಲ್ಲಿ 2, ಕೃಷಿ ಉದ್ಯಮದಲ್ಲಿ 3, ವರದಿಯ ಬರವಣಿಗೆ ಮತ್ತು ಪರೀಕ್ಷೆಗೆ 1. ಏರ್ಪಾಡು ವಿವೇಕಯುತವಾದುದೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊನೆಯ ಆ ಒಂದು ವಾರದಲ್ಲಿ ಸಿದ್ಧವಾಗುವ ವರದಿಯ ಗತಿಯೇನು, ಅದನ್ನು ಸಂಶೋಧನೆಯೆಂದು ಕರೆಯಬಹುದೆ, ಎಂಬ ಪ್ರಶ್ನೆಯನ್ನು ಎತ್ತುವುದು ಅವಶ್ಯವೆಂದು ನಮಗೆ ತೋರುತ್ತದೆ.

ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಹಳ್ಳಿಯ ಬೇಸಾಯದ ಬಗೆಗೆ ಇಂದು ಬರೆದಿಟ್ಟ ಮಾತು ಐವತ್ತು ವರ್ಷಗಳ ಅನಂತರ ನಮ್ಮ ವಿಭಾಗದ ಆಕರವಾಗುತ್ತದೆ ; ಅಷ್ಟರಮಟ್ಟಿಗೆ ಈ ವಿಷಯ ನಮ್ಮದೂ ಹೌದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಗೆ ಬೆಂಗಳೂರಿನ ಕಡೆಯಿಂದ ಒಂದು ತಂಡ ಬಂದಿತೆನ್ನಿ. ಆಂಧ್ರದ ಗಡಿಗೆ ಸಮೀಪವಾದ ಈ ನೆಲದಲ್ಲಿ ಮನೆಮಾತು ಅನೇಕರಿಗೆ ತೆಲುಗು. ಕಚೇರಿಯ ಕಾಗದ ಕನ್ನಡ. ವಿದ್ಯಾರ್ಥಿಯ ಕೈಯಲ್ಲಿರುವ ಪ್ರಶ್ನಾವಳಿ ಇಂಗ್ಲಿಷಿನದು. ‘ಬೆಳೆ’ ಎಂಬ ಅಂಕಣದಲ್ಲಿ ವಿದ್ಯಾರ್ಥಿಯು ‘ರಾಗಿ’ ಎಂದು ಬರೆಯುತ್ತಾನೆ. ಹೊಲದಲ್ಲಿ ನಿಂತು ನೋಡಿದರೆ ಅಲ್ಲಿರುವುದು ಕೇವಲ ರಾಗಿಯಲ್ಲ : ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇವುಗಳಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ. ಮಳೆ ಕೈಕೊಟ್ಟ ವರ್ಷ ಸಂಸಾರಕ್ಕೆ ಬೇಳೆ ಒದಗಿಸುವುದು ಆ ಸಾಲೇ. ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲದಿದ್ದರೆ ವರದಿಯಲ್ಲಿಯೂ ಅದಿಲ್ಲ. ಅಕ್ಕಡಿಯು ಈ ಪ್ರಾಂತದಲ್ಲಿ ಯಾವಾಗ, ಯಾವ ಹೊಲಗಳಲ್ಲಿ ವಿರಳವಾಯಿತೆಂದು ಮುಂದೊಮ್ಮೆ ತಿಳಿಯಬಯಸುವವನಿಗೆ ಇಂತಹ ವರದಿಗಳು ನೂರಿದ್ದರೂ ಉತ್ತರ ದೊರೆಯಲಾರದು.

ಕಾಲದ ವಿಷಯವೂ ಇದೆ. ಹಳ್ಳಿಯ ವಾಸವು ಏಳನೆಯ ಸೆಮಿಸ್ಟರಿನಲ್ಲಿ, ಎಂದರೆ ಸಾಮಾನ್ಯವಾಗಿ ಮಳೆಗಾಲದ ಉತ್ತರಾರ್ಧದಲ್ಲಿ ಬೀಳುತ್ತದೆ. ಕೋಲಾರದ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯವು. ವಿದ್ಯಾರ್ಥಿಯು ಕಾಣುವುದು ತೆನೆ ಬಿಟ್ಟ ರಾಗಿಯನ್ನು, ಹಸುರಾದ ಕೆರೆಯಂಗಳವನ್ನು, ಇದ್ದುದರಲ್ಲಿ ತುಂಬಿದ ಕೊಳವೆ ಬಾವಿಯನ್ನು. ನದಿಯ ಆಸರೆಯಿಲ್ಲದ, ಅಂತರ್ಜಲವನ್ನು ಮಿತಿಮೀರಿ ತೆಗೆದಿರುವ ತಾಲ್ಲೂಕೆಂದು ಸರ್ಕಾರವೇ ಗುರುತಿಸಿರುವ ಈ ಊರುಗಳಲ್ಲಿ ರೈತನ ನಿಜವಾದ ಪರೀಕ್ಷೆಯ ತಿಂಗಳುಗಳು ಮಾರ್ಚ್, ಏಪ್ರಿಲ್. ಟೊಮ್ಯಾಟೊ ಮಡಿಗೆ ನೀರು ಸಾಲದೆ ಹೊಸ ಬಾವಿ ತೋಡಿಸಬೇಕೆ, ಇದ್ದ ಬೆಳೆಯನ್ನು ಕೈಬಿಡಬೇಕೆ ಎಂದು ಮನೆಯವರೆಲ್ಲ ಕುಳಿತು ಯೋಚಿಸುವ ಆ ದಿನಗಳಲ್ಲಿ ವಿದ್ಯಾರ್ಥಿಯು ಊರಿನಲ್ಲಿರುವುದಿಲ್ಲ.

ಗ್ರಾಮಸ್ಥರನ್ನು ಸೇರಿಸಿ ನೆಲದ ಮೇಲೆ ರಂಗೋಲಿಯ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವುದು ಈ ಕಾರ್ಯಕ್ರಮದ ಬಹು ಆಕರ್ಷಕವಾದ ಅಂಗ. ಕೆರೆಯ ಏರಿ, ತೂಬು, ಕೋಡಿ, ಅಚ್ಚುಕಟ್ಟು, ಕಾಲುದಾರಿ ಎಲ್ಲವನ್ನೂ ಊರವರು ತಾವೇ ತೋರಿಸುತ್ತಾರೆ. ಅಂಗಳದ ಹೆಂಗಸರು ನಕ್ಷೆಯನ್ನು ತಿದ್ದುತ್ತಾರೆ. ನಮಗೆ ಈ ವಿಧಾನದಲ್ಲಿ ಗೌರವವಿದೆ. ಮರುದಿನ ಬೆಳಗ್ಗೆ ಪೊರಕೆ ಆಡಿದೊಡನೆ ನಕ್ಷೆ ಅಳಿಸಿಹೋಗುತ್ತದೆ. ಉಳಿಯುವುದು ಒಂದು ಛಾಯಾಚಿತ್ರ, ಅದೂ ವರದಿಯ ಕೊನೆಯ ಪುಟದಲ್ಲಿ, ವಿದ್ಯಾರ್ಥಿಗಳೆಲ್ಲ ಸಾಲಾಗಿ ನಿಂತಿರುವಂತೆ. ವರದಿಗೆ ಅಂಕ ಬೀಳುತ್ತದೆ, ಬೀರುವಿಗೆ ಹೋಗುತ್ತದೆ. ಮುಂದಿನ ವರ್ಷ ಬೇರೊಂದು ತಂಡ ಬೇರೊಂದು ಊರಿಗೆ ಹೋಗಿ ಮೊದಲ ಪ್ರಶ್ನೆಯಿಂದ ಆರಂಭಿಸುತ್ತದೆ.

ಇದಕ್ಕೆ ಬೇರೆ ದಾರಿಯಿಲ್ಲವೆ ? ಇದೆ, ಮತ್ತು ಅದು ನಮ್ಮ ನೆರೆಯಲ್ಲಿಯೇ ನೂರು ವರ್ಷಗಳ ಹಿಂದೆ ನಡೆದುಹೋಗಿದೆ. ಗಿಲ್ಬರ್ಟ್ ಸ್ಲೇಟರ್ ಎಂಬ ವಿದ್ವಾಂಸರು 1915ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅವರು ತಮ್ಮ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಯೊಂದನ್ನು ಕೊಟ್ಟು, ಊರಿಗೆ ಹೋದಾಗ ಅಲ್ಲಿಯ ಜಮೀನು, ಬೆಳೆ, ದನಕರು, ಬಾವಿ, ಕೂಲಿ, ಸಾಲ ಇವುಗಳ ಲೆಕ್ಕ ಬರೆದುತರಲು ಹೇಳಿದರು. ಹಾಗೆ ಬಂದ ಬರಹಗಳನ್ನು ತಿದ್ದಿ 1918ರಲ್ಲಿ ‘ದಕ್ಷಿಣ ಭಾರತದ ಕೆಲವು ಹಳ್ಳಿಗಳು’ ಎಂಬರ್ಥದ ಶೀರ್ಷಿಕೆಯ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು. ಅದರಲ್ಲಿ ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು ಇದೆ. ಕೋಲಾರದ ನೆಲವನ್ನು ದಾಟಿ ಇಳಿದುಹೋಗುವ ಪಾಲಾರಿನ ಪ್ರಾಂತವಾದ ಉತ್ತರ ಆರ್ಕಾಟಿನ ದೂಸಿಯೂ ಇದೆ.

ಪುಸ್ತಕವು ದೋಷರಹಿತವಾದುದಲ್ಲ. 1916ರ ಸುಮಾರಿನಲ್ಲಿ ಮದರಾಸಿಗೆ ಹೋಗಿ ಕಾಲೇಜು ಓದಬಲ್ಲವನು ಊರಿನ ಯಾವ ಬೀದಿಯ, ಯಾವ ಬಗೆಯ ಮನೆಯವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಂತಹವನಿಗೆ ಜಮೀನಿನ ಲೆಕ್ಕ ಸುಲಭವಾಗಿ ಸಿಕ್ಕೀತು. ಕೂಲಿಯಾಳು ತನ್ನ ಒಡೆಯನ ಮಗನೆದುರು ಕೂಲಿಯ ಬಗೆಗೆ ಎಷ್ಟು ಮನಬಿಚ್ಚಿ ಮಾತನಾಡಿಯಾನು? ಬರವಣಿಗೆಯೂ ಒಂದೇ ಸಮನಾಗಿಲ್ಲ. ಇಷ್ಟಾದರೂ ಈ ಗ್ರಂಥ ಇಂದಿಗೂ ಬದುಕಿರುವುದಕ್ಕೆ ಕಾರಣ ಅದರ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅದರ ಮುಂದುವರಿಕೆ. ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅವರ ಸಂಪಾದಕತ್ವದಲ್ಲಿ ಅವೇ ಹಳ್ಳಿಗಳ ಮರುಸಮೀಕ್ಷೆ ನಡೆದು 1940ರಲ್ಲಿ ಅಚ್ಚಾಯಿತು. ಇರುವೇಲ್‌ಪಟ್ಟಿಗಂತೂ ಆಮೇಲೆಯೂ ವಿದ್ವಾಂಸರು ಮತ್ತೆ ಮತ್ತೆ ಹೋಗಿದ್ದಾರೆ. ಈ ಶತಮಾನದಲ್ಲಿಯೂ ಹೋಗಿದ್ದಾರೆ. ಪದವಿಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಕೂಡಿಸಿದ ಅಂಕಿಗಳು ಹೀಗೆ ಒಂದು ಶತಮಾನದ ಕೃಷಿಚರಿತ್ರೆಗೆ ಮೊದಲ ಮೆಟ್ಟಿಲಾದವು. ಸ್ಲೇಟರರು ಮಾಡಿದ ಮುಖ್ಯ ಕೆಲಸ ಬರಹವನ್ನು ಅಚ್ಚುಹಾಕಿಸಿ ಮುಂದಿನವರ ಕೈಗೆ ಸಿಗುವಂತೆ ಇಟ್ಟದ್ದು. ಮಾರ್ಗದರ್ಶಕನ ಹೊಣೆಯಲ್ಲಿ ಇದನ್ನು ನಾವು ಮೊದಲನೆಯದೆಂದು ಎಣಿಸುತ್ತೇವೆ.

ವಿಚಿತ್ರವೆಂದರೆ ಕೃಷಿವಿಜ್ಞಾನಕ್ಕೆ ಈ ತತ್ತ್ವ ಅಪರಿಚಿತವೇನೂ ಅಲ್ಲ. ತಳಿವಿಜ್ಞಾನಿಯ ದಿನಚರಿಯನ್ನು ನೋಡಿರಿ. ‘ರಾಗಿ ಲಕ್ಷ್ಮಣಯ್ಯ’ನವರೆಂದು ನಾಡಿನ ರೈತರು ಪ್ರೀತಿಯಿಂದ ಕರೆದ ವಿಜ್ಞಾನಿಯು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದದ್ದು ಒಂದು ಸುಗ್ಗಿಯ ಕೆಲಸವಲ್ಲ. ಯಾವ ಗಿಡದ ತಾಯಿ ಯಾವುದು, ತಂದೆ ಯಾವುದು, ಹೋದ ವರ್ಷ ಅದರ ತೆನೆ ಹೇಗಿತ್ತು ಎಂಬುದನ್ನು ಸಾಲು ಸಾಲಾಗಿ ಬರೆದಿಡದೆ ತಳಿಯ ಕೆಲಸ ಒಂದು ಹೆಜ್ಜೆಯೂ ಸಾಗದು. ಹೋದ ವರ್ಷದ ಪುಸ್ತಕವನ್ನು ಕಳೆದುಕೊಂಡ ತಳಿವಿಜ್ಞಾನಿಯನ್ನು ಅವನ ಸಹೋದ್ಯೋಗಿಗಳು ಕ್ಷಮಿಸಲಾರರು. ರಾಗಿಯ ಗಿಡಕ್ಕೆ ವಂಶಾವಳಿ ಬರೆಯುವ ಶಾಸ್ತ್ರವೇ ರಾಗಿ ಬೆಳೆಯುವ ಊರಿಗೆ ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳುಹಿಸುತ್ತದೆಂಬುದು ನಮ್ಮ ಮುಖ್ಯ ಆಕ್ಷೇಪ.

ಇದರಿಂದ ಆಗುವ ನಷ್ಟವು ಕೇವಲ ವಿದ್ವಾಂಸರದಲ್ಲ. 1981ರಲ್ಲಿ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಬಗೆಗೆ ವಂದನಾ ಶಿವ, ಎಚ್. ಸಿ. ಶರತ್‌ಚಂದ್ರ, ಜೆ. ಬಂದ್ಯೋಪಾಧ್ಯಾಯ ಇವರು ಸಿದ್ಧಪಡಿಸಿದ ಅಧ್ಯಯನವು ರಾಗಿಯ ಹೊಲಗಳು ನೀಲಗಿರಿ ತೋಪುಗಳಾಗುತ್ತಿರುವುದನ್ನು ತೀವ್ರವಾಗಿ ಖಂಡಿಸಿತು. ಅರಣ್ಯ ಇಲಾಖೆಯ ಪರವಾಗಿದ್ದವರು ಅಷ್ಟೇ ತೀವ್ರವಾಗಿ ವಿರೋಧಿಸಿದರು. ನೀಲಗಿರಿ ನೆಲದ ನೀರನ್ನು ಹೀರುವುದೆ, ಇಲ್ಲವೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಇಯಾನ್ ಕಾಲ್ಡರ್ ಮತ್ತು ಸಹೋದ್ಯೋಗಿಗಳು ಪಕ್ಕದ ಹೊಸಕೋಟೆಯಲ್ಲಿ ಅಳತೆಮಾಡಿ, ಆಳವಾದ ಮಣ್ಣಿನ ಆ ತೋಪಿನಲ್ಲಿ ಮರಗಳು ಬಳಸಿದ ನೀರು ಬಿದ್ದ ಮಳೆಗಿಂತಲೂ ಅಧಿಕವೆಂದು ತೋರಿಸಿದ್ದು 1997ರಲ್ಲಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಈ ನಡುವಣ ವರ್ಷಗಳಲ್ಲಿ ಹೋಬಳಿಗೆ ಹತ್ತು ಬಾವಿಯಂತೆ ನೀರಿನ ಆಳವನ್ನು ಪ್ರತಿ ಬೇಸಗೆಯಲ್ಲಿ ಅಳೆದು ಬರೆದಿಡಲು ಮಹಾಪಂಡಿತರು ಬೇಕಿರಲಿಲ್ಲ. ಹಗ್ಗ, ಗುಂಡುಕಲ್ಲು, ನೋಟ್‌ಬುಕ್ಕು ಹಿಡಿದ ಇಬ್ಬರು ಪದವಿ ವಿದ್ಯಾರ್ಥಿಗಳು ಸಾಕಾಗಿತ್ತು.

2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬಾವಿಗಳಲ್ಲಿ ನೀರು ಏರಿತೆನ್ನುವವರುಂಟು. ಆ ನೀರಿನ ಗುಣವನ್ನು, ಅದರಿಂದ ಬೆಳೆದ ತರಕಾರಿಯನ್ನು ಸಂಶಯದಿಂದ ನೋಡುವವರೂ ಉಂಟು. ಇದನ್ನು ಊರೂರಿನ ಮಟ್ಟದಲ್ಲಿ ನಿರ್ಣಯಿಸಬೇಕಾದರೆ 2018ಕ್ಕೆ ಮುಂಚಿನ ಸ್ಥಿತಿ ಗೊತ್ತಿರಬೇಕು. ಕೀಟಗಳ ವಿಷಯದಲ್ಲಿಯೂ ಹೀಗೆಯೇ. ಟೊಮ್ಯಾಟೊ ಎಲೆಸುರಂಗದ ಹುಳುವಾದ ಟೂಟಾ ಅಬ್ಸೊಲೂಟಾ ಭಾರತದಲ್ಲಿ 2014ರಲ್ಲಿ ಮೊದಲು ಗುರುತಿಸಲ್ಪಟ್ಟು ಬೇಗನೆ ಕರ್ನಾಟಕಕ್ಕೂ ಹಬ್ಬಿತು. ಒಂದು ಹೋಬಳಿಯಲ್ಲಿ ಅದು ಯಾವ ತಿಂಗಳು, ಯಾವ ಹೊಲದಲ್ಲಿ ಮೊದಲು ಕಂಡಿತೆಂಬುದನ್ನು ಬರೆದಿಡಲು ಹಳ್ಳಿಯಲ್ಲಿರುವ ವಿದ್ಯಾರ್ಥಿಗಿಂತ ಯೋಗ್ಯರು ಯಾರು ?

ಈ ಕಾರ್ಯಕ್ರಮವಿರುವುದು ತರಬೇತಿಗಾಗಿ, ಸಂಶೋಧನೆಗಾಗಿ ಅಲ್ಲ ಎಂದು ಕೆಲವರು ಸಮಾಧಾನ ಹೇಳುವರು. ಹಾಗಾದರೆ ಯಾವುದರ ತರಬೇತಿ ? ಯಾರೂ ಓದದ ಬರಹವನ್ನು ಒಂದು ವಾರದಲ್ಲಿ ಬರೆದು ಮುಗಿಸುವ ತರಬೇತಿ ವಿದ್ಯಾರ್ಥಿಗೆ ಬೇರೆಡೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಅಧ್ಯಾಪಕರೊಬ್ಬರಿಗೆ ವಿದ್ಯಾರ್ಥಿಗಳು ಬಹಳ, ಬಿಡುವು ಕಡಮೆ ಎಂಬ ಇನ್ನೊಂದು ಮಾತು ನಿಜ. ಆದರೆ ಹಿಂದಿನ ವರದಿ ಕೈಯಲ್ಲಿದ್ದಾಗ ಅಧ್ಯಾಪಕನ ಶ್ರಮ ಕುಗ್ಗುತ್ತದೆ. ಅರ್ಧ ಮಾರ್ಗದರ್ಶನವನ್ನು ಆ ವರದಿಯೇ ಮಾಡುತ್ತದೆ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಪದವಿ ವಿದ್ಯಾರ್ಥಿಯು ಬೇಗನೆ ಪಳಗುವುದಕ್ಕೆ ಹಿರಿಯರ ಪ್ರಯೋಗ ಪುಸ್ತಕವೇ ದೊಡ್ಡ ಆಸರೆ. ಅಂದಹಾಗೆ, ನಮ್ಮ ರಾಜ್ಯದ ಸಾಮಾನ್ಯ ಪದವಿಗಳಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯು 2024ರಲ್ಲಿ ಹಿಂದಕ್ಕೆ ಸರಿದು ಮೂರು ವರ್ಷದ ಪದವಿ ಮರಳಿದೆ. ಹೀಗಿರಲು ಅಧ್ಯಾಪಕರ ಜೊತೆ ಕ್ಷೇತ್ರಕಾರ್ಯ ಮಾಡುವ ನಾಲ್ಕನೆಯ ವರ್ಷವನ್ನು ಉಳಿಸಿಕೊಂಡಿರುವ ಕೃಷಿ ಕಾಲೇಜುಗಳ ಹೊಣೆ ಹೆಚ್ಚಿತೆಂದೇ ಹೇಳಬೇಕು.

ನಾವು ಕೇಳುವುದು ದೊಡ್ಡ ಅನುದಾನವನ್ನಲ್ಲ. ಒಂದು ಹೋಬಳಿಯಲ್ಲಿ ಎರಡೋ ಮೂರೋ ಊರುಗಳನ್ನು ಗೊತ್ತುಮಾಡಿಕೊಂಡು, ಐದು ವರ್ಷಕ್ಕೊಮ್ಮೆಯಾದರೂ ಅವೇ ಊರುಗಳಿಗೆ ತಂಡ ಹೋಗಲಿ. ಪ್ರಶ್ನಾವಳಿಯಲ್ಲಿ ಅಕ್ಕಡಿಗೆ ಒಂದು ಅಂಕಣವಿರಲಿ. ಪೂರ್ವಸಿದ್ಧತೆಯ ಆ ಒಂದು ವಾರದಲ್ಲಿ ಹಿಂದಿನ ತಂಡದ ವರದಿಯನ್ನೂ, ಸಿಕ್ಕರೆ ಆ ಊರಿನ ಕೆರೆಯ ಶಾಸನವನ್ನೂ ಓದಿಸಲಿ. ಕೋಲಾರ ಜಿಲ್ಲೆಯ ಶಾಸನಗಳು 1905ರಲ್ಲಿಯೇ ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಅಚ್ಚಾಗಿವೆ, ಅವನ್ನು ಓದಿಕೊಡಲು ಇತಿಹಾಸ ವಿಭಾಗಗಳಿವೆ. ವರದಿಯ ಒಂದು ಪ್ರತಿ ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಲಿ. ತಪ್ಪಿದ್ದರೆ ಊರವರೇ ತಿದ್ದುವರು. ಇನ್ನು ಬೇಸಗೆಯ ಮಾತು. ಏಪ್ರಿಲಿನಲ್ಲಿ ಎರಡು ದಿನ ಬಿಡುವುಮಾಡಿಕೊಂಡು, ತಂಡದ ಒಬ್ಬಿಬ್ಬರಾದರೂ ಅಧ್ಯಾಪಕರೊಡನೆ ಬೈರಕೂರಿನ ಕಡೆಗೆ ಮತ್ತೆ ಬಂದು, ಅಕ್ಟೋಬರಿನಲ್ಲಿ ಅಳೆದ ಅವೇ ಬಾವಿಗಳನ್ನು ಇನ್ನೊಮ್ಮೆ ಅಳೆದು ಹೋಗಬಹುದು.