ಎರಡು ತಾರಸಿ, ಒಂದು ಗಡಿಯಾರ

ಶಟರ್ ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಬೆಳಕು ಹೆಚ್ಚು ಸಿಗುತ್ತದೆ. ಆಕಾಶದ ಫೋಟೊ ತೆಗೆಯುವವರು ಮೊದಲು ಕಲಿಯುವ ಪಾಠವಿದು. ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹದ ಬೆನ್ನು ಹತ್ತಿದಾಗ ಇದನ್ನೇ ಮೊದಲು ಮರೆಯಬೇಕು.

ಚಂದ್ರನಷ್ಟು ದೂರದಲ್ಲಿ, ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ಕಲ್ಲೊಂದನ್ನು ಊಹಿಸಿಕೊಳ್ಳಿ. ಹುಣ್ಣಿಮೆ ಚಂದ್ರನ ಅಗಲವನ್ನು ಅದು ಆರು ನಿಮಿಷದೊಳಗೆ ದಾಟುತ್ತದೆ. 750 ಮಿ.ಮೀ. ನಾಭಿದೂರದ ಟೆಲಿಸ್ಕೋಪಿಗೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಜೋಡಿಸಿದರೆ, ಒಂದೊಂದು ಪಿಕ್ಸೆಲ್ ಮೇಲೆ ಅದು ನಿಲ್ಲುವುದು ಹೆಚ್ಚೆಂದರೆ ಕಾಲು ಸೆಕೆಂಡು. ಮೂವತ್ತು ಸೆಕೆಂಡು ಕಾದರೆ ಗೆರೆ ಉದ್ದವಾಗುತ್ತದೆಯೇ ಹೊರತು ಹೊಳಪು ಏರುವುದಿಲ್ಲ. ಏರುವುದು ಹೆದ್ದಾರಿ ದೀಪಗಳ ಬೆಳಕು.

ಎಲ್ಲ ಕ್ಷುದ್ರಗ್ರಹಗಳೂ ಇಷ್ಟು ಅವಸರದವಲ್ಲ. ಕಾವಲೂರು ವೀಕ್ಷಣಾಲಯದಲ್ಲಿ 1988ರ ಫೆಬ್ರುವರಿ 17ರಂದು ಖಗೋಳವಿಜ್ಞಾನಿ ಆರ್. ರಾಜಮೋಹನ್ ಪತ್ತೆ ಮಾಡಿದ ಕ್ಷುದ್ರಗ್ರಹ 4130 ರಾಮಾನುಜನ್ ಮಂಗಳ, ಗುರುಗಳ ನಡುವಿನ ಪಟ್ಟಿಯದು. ಅಷ್ಟು ದೂರದ್ದಾದ್ದರಿಂದ ನಿಧಾನವಾಗಿ ಸರಿಯುತ್ತದೆ. ಹತ್ತಿರದವು ಹಾಗೆ ಬಿಡುವು ಕೊಡುವುದಿಲ್ಲ. ಅವಕ್ಕೆ ಕಾಲು ಸೆಕೆಂಡಿನ ನೂರಾರು ಚಿತ್ರ ತೆಗೆದು, ಕಲ್ಲು ಸರಿದಷ್ಟೇ ಪ್ರತಿ ಚಿತ್ರವನ್ನೂ ಸರಿಸಿ, ಒಂದರ ಮೇಲೊಂದು ಕೂಡಿಸಬೇಕು. ಆಗ ನಕ್ಷತ್ರಗಳು ಗೆರೆಯಾಗಿ, ಕಲ್ಲು ಚುಕ್ಕೆಯಾಗಿ ಮೂಡುತ್ತದೆ.

ನನಗೆ ಇದಕ್ಕಿಂತಲೂ ಪ್ರಿಯವಾದ ಆಟ ಇನ್ನೊಂದಿದೆ. ದಾವಣಗೆರೆಯ ತಾರಸಿಯಿಂದ ಹರಿಹರದ ಹೊಳೆದಂಡೆಗೆ ನೇರ ಗೆರೆ ಎಳೆದರೆ ಸುಮಾರು 14 ಕಿ.ಮೀ. ಇಷ್ಟೇ ಅಂತರಕ್ಕೆ, ನೆತ್ತಿಯ ಮೇಲಿರುವ, ಚಂದ್ರನಷ್ಟು ದೂರದ ಆ ಕಲ್ಲು ನಕ್ಷತ್ರಗಳ ನಡುವೆ ಏಳು ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡು ಎಂದರೆ ಆಕಾಶದಲ್ಲಿ ಕೋನ ಅಳೆಯುವ ಪುಟ್ಟ ಮಾನ) ಪಕ್ಕಕ್ಕೆ ಕಾಣುತ್ತದೆ. ಸೆನ್ಸರ್ ಮೇಲೆ ಅದು ಆರು ಪಿಕ್ಸೆಲ್. ಎರಡೂ ಊರಲ್ಲಿ ಒಂದೇ ಗಳಿಗೆಗೆ ತೆಗೆದ ಚಿತ್ರಗಳನ್ನು ಅಳೆದರೆ ಕಲ್ಲಿನ ದೂರವನ್ನು ನಾವೇ ಲೆಕ್ಕ ಹಾಕಬಹುದು. ಆ ಸುಖಕ್ಕೆ ಎಷ್ಟು ರಾತ್ರಿ ನಿದ್ದೆಗೆಟ್ಟರೂ ನಷ್ಟವಿಲ್ಲ.

ಆದರೆ ಆ ಕಲ್ಲು ಒಂದೇ ಸೆಕೆಂಡಿನಲ್ಲಿ ಐದು ಆರ್ಕ್‌ಸೆಕೆಂಡು ಓಡುತ್ತದೆ. ಎರಡು ಕ್ಯಾಮೆರಾಗಳ ಸಮಯದಲ್ಲಿ ಒಂದು ಸೆಕೆಂಡು ವ್ಯತ್ಯಾಸವಾದರೂ ಅಳತೆ ಕೆಟ್ಟಿತೆಂದೇ ಲೆಕ್ಕ.

2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ, ಟಿ.ವಿ. ಉಪಗ್ರಹಗಳಿಗಿಂತ ಕೆಳಗೆ, ಹಾದುಹೋಗಲಿದೆ. ಅಷ್ಟರೊಳಗೆ ಕೈ ಪಳಗಿಸಿಕೊಳ್ಳಬೇಕೆನ್ನುವ ಎಳೆಯರು ದೊಡ್ಡ ಟೆಲಿಸ್ಕೋಪಿಗೆ ದುಡ್ಡು ಕೂಡಿಡುತ್ತ ಕಾಯಬೇಕಿಲ್ಲ. ಪಕ್ಕದೂರಿನಲ್ಲಿ ಒಬ್ಬ ಗೆಳೆಯನನ್ನು ಹುಡುಕಿಕೊಳ್ಳಿ. ಇಬ್ಬರೂ ಜಿಪಿಎಸ್ ಸಮಯಕ್ಕೆ ಗಡಿಯಾರ ಹೊಂದಿಸಿಕೊಳ್ಳಿ.